ಸತ್ತ ದಿನ ನೊಣಕ್ಕೆ ಗೊತ್ತು, ಠಾಣೆಗೆ ಗೊತ್ತಿಲ್ಲ!

ಪೀಣ್ಯವೇ ಇರಲಿ, ಹೆಬ್ಬಗೋಡಿಯೇ ಇರಲಿ, ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿಯೇ ಇರಲಿ, ಪೋಲೀಸ್ ಠಾಣೆಗೆ ಬರುವ ಆ ಫೋನು ಮಾತ್ರ ಒಂದೇ ಥರ. "ಸಾರ್, ಪಕ್ಕದ ರೂಮಿಂದ ವಾಸನೆ ಬರ್ತಿದೆ. ಬಾಗಿಲು ಒಳಗಿಂದ ಹಾಕಿದೆ."

ಹತ್ತಡಿಗೆ ಹತ್ತಡಿ ಕೋಣೆ. ಮೇಲೆ ಸಿಮೆಂಟ್ ಶೀಟು. ಒಂದೇ ಸಾಲಿನಲ್ಲಿ ಎಂಟೋ ಹತ್ತೋ ಬಾಗಿಲು, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಒಬ್ಬನದು ಡೇ ಶಿಫ್ಟು, ಇನ್ನೊಬ್ಬನದು ನೈಟ್ ಶಿಫ್ಟು. ಪಕ್ಕದ ಕೋಣೆಯವನು ರಾಯಚೂರಿನವನೋ ಒಡಿಶಾದವನೋ ಎಂದು ವಠಾರದಲ್ಲಿ ಕೇಳಿದರೆ ಮುಖ ಮುಖ ನೋಡ್ತಾರೆ. ನಾಲ್ಕು ದಿನ ಕಾಣದಿದ್ದರೆ "ಊರಿಗೆ ಹೋಗಿರ್ಬೇಕು" ಅಂದುಕೊಂಡು ಸುಮ್ಮನಾಗ್ತಾರೆ. ಆಮೇಲೆ ವಾಸನೆ. ಪೋಲೀಸರು ಕರವಸ್ತ್ರ ಮೂಗಿಗೆ ಹಿಡಿದು ಬಾಗಿಲು ಒಡೆಯುವ ಹೊತ್ತಿಗೆ ಅವರಿಗಿಂತ ಮೊದಲೇ ಒಳಗೆ ಹೋಗಿ ಕೂತವರು ಇರುತ್ತಾರೆ. ನೊಣಗಳು!

ಮಹಜರು ಬರೆಯುತ್ತಾರೆ. ಪಂಚರ ರುಜು ಹಾಕಿಸುತ್ತಾರೆ. "ಸುಮಾರು ನಾಲ್ಕೈದು ದಿನಗಳ ಹಿಂದೆ ಮೃತಪಟ್ಟಿರಬಹುದು" ಎಂಬ ಸಾಲು ಬೀಳುತ್ತದೆ. ಓದುಗರು ಬಸ್ಸಿನಲ್ಲಿ ಕೂತು ಪತ್ರಿಕೆಯಲ್ಲಿ ಈ ಸಾಲನ್ನು ಎಷ್ಟು ಸಲ ಓದಿಲ್ಲ! ಆದರೆ ಆ "ಸುಮಾರು" ಎಂಬ ಮೂರಕ್ಷರ ಎಷ್ಟು ದುಬಾರಿ ಎಂಬುದು ಸತ್ತವನ ಮನೆಯವರಿಗೇ ಗೊತ್ತು.

ಕೊಲೆಯಾದರೆ ಹೇಳುವುದೇ ಬೇಡ. ಮಂಗಳವಾರ ಸತ್ತನೋ ಗುರುವಾರ ಸತ್ತನೋ ಎಂಬುದರ ಮೇಲೆ ಯಾರು ಒಳಗೆ, ಯಾರು ಹೊರಗೆ ಎಂಬ ತೀರ್ಮಾನ ನಿಂತಿರುತ್ತದೆ. ಮಂಗಳವಾರ ಜೊತೆಗಿದ್ದ ಗೆಳೆಯ ಗುರುವಾರ ಹುಬ್ಬಳ್ಳಿಯಲ್ಲಿದ್ದ ಎನ್ನಿ. ಕೊಲೆಯಲ್ಲದಿದ್ದರೂ ತಾಪತ್ರಯ ತಪ್ಪಿದ್ದಲ್ಲ. ಪ್ರಾವಿಡೆಂಟ್ ಫಂಡಿನ ಜೊತೆಗಿರುವ ವಿಮೆ ಸಾಮಾನ್ಯವಾಗಿ ಸಿಗುವುದು ನೌಕರಿಯಲ್ಲಿದ್ದಾಗ ಸತ್ತವರ ಮನೆಯವರಿಗೆ. ಹೇಳದೆ ಕೇಳದೆ ಗೈರುಹಾಜರಾದ ಎಂದು ಕಾಂಟ್ರಾಕ್ಟರು ಹಾಜರಿ ಪುಸ್ತಕದಿಂದ ಹೆಸರು ಹೊಡೆದು ಹಾಕಿದ್ದು ಮೊದಲೋ, ಇವನು ಸತ್ತದ್ದು ಮೊದಲೋ? ಇದೆಲ್ಲ ಹಾಗಿರಲಿ. ವರ್ಷ ತುಂಬಿದಾಗ ತಿಥಿ ಮಾಡಬೇಕಲ್ಲ, ಯಾವ ದಿನ ಮಾಡುವುದು? ಹೆಣ ಸಿಕ್ಕಿದ ದಿನವನ್ನೇ ಸತ್ತ ದಿನ ಎಂದು ಹಿಡಿದು ಎಡೆ ಇಡುವ ಮನೆಗಳು ಈ ಜಿಲ್ಲೆಯಲ್ಲಿ ಇವೆ.

ಡಾಕ್ಟರ ಲೆಕ್ಕ ಎಲ್ಲಿಯವರೆಗೆ

ಸತ್ತು ಒಂದು ದಿನದೊಳಗಾದರೆ ಡಾಕ್ಟರು ಹೇಳಬಲ್ಲರು. ಮೈ ಎಷ್ಟು ತಣ್ಣಗಾಗಿದೆ, ಕೈಕಾಲು ಎಷ್ಟು ಸೆಟೆದಿವೆ, ರಕ್ತ ಯಾವ ಕಡೆ ಇಳಿದು ಕಲೆ ಕಟ್ಟಿದೆ ಎಂದು ನೋಡುತ್ತಾರೆ. ನಮ್ಮ ಸೆಕೆಯಲ್ಲಿ ಸೆಟೆತ ಒಂದೂವರೆ ದಿನದ ಹೊತ್ತಿಗೆ ಸಡಿಲವಾಗಿಬಿಡುತ್ತದೆ. ಮೈ ಕೋಣೆಯಷ್ಟೇ ಬಿಸಿ, ಕೋಣೆಯಷ್ಟೇ ತಣ್ಣಗೆ. ಎರಡು ಮೂರು ದಿನ ದಾಟಿದ ಮೇಲೆ ಹೊಟ್ಟೆ ಉಬ್ಬಿದ್ದು, ಚರ್ಮ ಸುಲಿದದ್ದು ನೋಡಿ ಅಂದಾಜು ಹೇಳಬೇಕು, ಅಷ್ಟೆ. ಡಾಕ್ಟರ ಗಡಿಯಾರ ನಿಲ್ಲುವ ಆ ಹೊತ್ತಿಗೆ ಇನ್ನೊಂದು ಗಡಿಯಾರ ಚೆನ್ನಾಗಿ ಓಡುತ್ತಿರುತ್ತದೆ. ಅದು ಹುಳುವಿನ ಗಡಿಯಾರ.

ಹುಳ ನೋಡಿ ದಿನ ಹೇಳುವುದು ಏನೋ ಅಮೇರಿಕಾದ ವಿದ್ಯೆ ಎಂದುಕೊಳ್ಳಬೇಡಿ. ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆ, ವೈಟ್‌ಫೀಲ್ಡ್ ದಾಟಿ ಹೊಸಕೋಟೆ ಕಡೆ ರೇಷ್ಮೆ ಸಾಕುವ ಯಾವ ಮನೆಗಾದರೂ ಹೋಗಿ. ತಟ್ಟೆಯಲ್ಲಿರುವ ಹುಳವನ್ನು ಒಂದು ಸಲ ನೋಡಿ, ಇದು ಎರಡನೇ ಜ್ವರಕ್ಕೆ ಕೂತಿದೆ, ಇದು ನಾಲ್ಕನೇ ಜ್ವರ ಎದ್ದು ಮೂರು ದಿನ ಆಯ್ತು ಎಂದು ಅಲ್ಲಿನ ಹೆಂಗಸರು ಹೇಳಿಬಿಡುತ್ತಾರೆ. ಚಾಕಿ ಕಟ್ಟಿದ ದಿನದಿಂದ ಹಣ್ಣಾಗಿ ಚಂದ್ರಿಕೆ ಹತ್ತುವವರೆಗೆ 24ರಿಂದ 28 ದಿನ. ಚಳಿ ಬಿದ್ದರೆ ಇನ್ನೂ ತಡ, ಬಿಸಿಯಾದರೆ ಬೇಗ. ಹುಳುವಿನ ಗಾತ್ರ ನೋಡಿ, ಹವೆ ನೋಡಿ, ಹಿಂದಕ್ಕೆ ಎಣಿಸಿದರೆ ಮೊಟ್ಟೆ ಒಡೆದ ದಿನ ಸಿಗುತ್ತದೆ. ವಿಧಿವಿಜ್ಞಾನದ ಕೀಟಶಾಸ್ತ್ರ ಎಂದು ದೊಡ್ಡ ಹೆಸರಿಟ್ಟು ಪುಸ್ತಕ ಬರೆದವರು ಮಾಡುವುದೂ ಇದನ್ನೇ. ಅಲ್ಲಿ ಹಿಪ್ಪುನೇರಳೆ ಸೊಪ್ಪು, ಇಲ್ಲಿ ಹೆಣ. ವ್ಯತ್ಯಾಸ ಅಷ್ಟೆ.

ಹೆಣಕ್ಕೆ ಮೊದಲು ಬರುವುದು ಮಿರಮಿರ ಮಿಂಚುವ ಹಸಿರು, ನೀಲಿ ನೊಣ. ಮಟನ್ ಅಂಗಡಿಯ ಮುಂದೆ, ಮಾವಿನ ಹಣ್ಣಿನ ಗಾಡಿಯ ಮೇಲೆ ಎಲ್ಲರೂ ನೋಡಿದ್ದೇ. ನಮ್ಮ ಕಡೆ ಹೆಚ್ಚಾಗಿ ಕಾಣುವ ಒಂದಕ್ಕೆ ಕ್ರೈಸೊಮಿಯಾ ಮೆಗಾಸೆಫಾಲ ಎಂದು ಹೆಸರು. ದೊಡ್ಡ ತಲೆ, ಕೆಂಪು ಕಣ್ಣು. ಮನುಷ್ಯನ ಮೂಗಿಗೆ ವಾಸನೆ ತಿಳಿಯಲು ದಿನಗಳು ಬೇಕು. ಅದಕ್ಕೆ ಸಾವಿನ ಸುದ್ದಿ ಕೆಲವು ನಿಮಿಷಗಳಲ್ಲಿ, ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ಮುಟ್ಟುತ್ತದೆ. ಕಣ್ಣು, ಮೂಗು, ಬಾಯಿ, ಗಾಯ, ಹೀಗೆ ಒದ್ದೆ ಇರುವ ಜಾಗ ಹುಡುಕಿ ನೂರು, ಇನ್ನೂರು ಮೊಟ್ಟೆ ಗುಂಪಾಗಿ ಇಟ್ಟು ಹೋಗುತ್ತದೆ. ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಒಂದು ದಿನದೊಳಗೆ ಮೊಟ್ಟೆ ಒಡೆಯುತ್ತದೆ. ರೇಷ್ಮೆ ಹುಳುವಿಗೆ ನಾಲ್ಕು ಜ್ವರವಾದರೆ ಇದಕ್ಕೆ ಎರಡೇ. ಎರಡು ಸಲ ಪೊರೆ ಕಳಚಿ ಮೂರು ಹಂತ ದಾಟುತ್ತದೆ. ಹಂತ ಕಂಡುಹಿಡಿಯುವುದು ಸುಲಭ. ಹುಳುವಿನ ಹಿಂಭಾಗದಲ್ಲಿ ಉಸಿರಾಡಲು ಎರಡು ಚುಕ್ಕೆಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡನೇ ಹಂತದ ಹುಳುವಿಗೆ ಒಂದೊಂದು ಚುಕ್ಕೆಯಲ್ಲೂ ಎರಡು ಸೀಳು, ಮೂರನೇ ಹಂತದ್ದಕ್ಕೆ ಮೂರು ಸೀಳು. ಎಣಿಸಿದರೆ ಆಯ್ತು.

ನಾಲ್ಕೈದು ದಿನ ತಿಂದು ಕೊಬ್ಬಿದ ಹುಳು ಹೆಣ ಬಿಟ್ಟು ಹೊರಡುತ್ತದೆ. ಮಣ್ಣಿದ್ದರೆ ಎರಡು ಮೂರು ಅಂಗುಲ ಒಳಗೆ ಇಳಿಯುತ್ತದೆ, ಕೋಣೆಯಾದರೆ ಚಾಪೆಯ ಅಡಿ, ಟ್ರಂಕಿನ ಹಿಂದೆ, ಗೋಡೆ ಸಂದಿ. ಅಲ್ಲಿ ಮುದುಡಿ ಗಟ್ಟಿ ಕೋಶವಾಗುತ್ತದೆ. ಮೊದಲು ಬಿಳಿ, ಆಮೇಲೆ ಕಂದು, ಕೊನೆಗೆ ಕಪ್ಪುಗೆಂಪು. ಇನ್ನು ನಾಲ್ಕಾರು ದಿನಕ್ಕೆ ಅದರೊಳಗಿಂದ ಹೊಸ ನೊಣ ಹಾರುತ್ತದೆ. ಖಾಲಿ ಕೋಶ ಬಿದ್ದಿದೆ ಎಂದರೆ, ಸತ್ತು ಕನಿಷ್ಠ ಒಂದು ಸುತ್ತು ಮುಗಿದಿದೆ ಎಂದು ಲೆಕ್ಕ. ಸೆಕೆಗಾಲದಲ್ಲಿ ಆ ಸುತ್ತು ಹತ್ತು ದಿನದ ಆಸುಪಾಸು, ಪುಷ್ಯದ ಚಳಿಯಲ್ಲಿ ಇನ್ನೂ ಉದ್ದ.

ಶಾಖದ ಲೆಕ್ಕ ಇರುವುದೇ ಇಲ್ಲಿ. ಅಂಗಡಿಯವರಿಗೆ ಪಿಗ್ಮಿ ಖಾತೆ ಗೊತ್ತಲ್ಲ, ಹಾಗೆಯೇ ಇದು. ವ್ಯಾಪಾರ ಆದ ದಿನ ಐವತ್ತು ಕಟ್ಟುತ್ತೀರಿ, ಮಳೆ ಹಿಡಿದ ದಿನ ಹತ್ತು. ಹುಳು ದಿನಾ ಕಟ್ಟುವುದು ಶಾಖ. ಬಿಸಿಲಿನ ದಿನ ಹೆಚ್ಚು, ಚಳಿಯ ದಿನ ಕಡಿಮೆ. ಇಂತಿಷ್ಟು ಶಾಖ ಜಮಾ ಆದರೆ ಎರಡನೇ ಹಂತ, ಇಂತಿಷ್ಟಾದರೆ ಕೋಶ ಎಂದು ಪ್ರತಿ ಜಾತಿಗೂ ಬೇರೆ ಬೇರೆ ಲೆಕ್ಕವಿದೆ. ಪಾಸ್ ಪುಸ್ತಕದ ಕೊನೆಯ ಮೊತ್ತ ಹುಳುವಿನ ಮೈಯಲ್ಲಿ ಕಾಣುತ್ತದೆ. ದಿನದಿನದ ಜಮಾ ಹವಾಮಾನ ಇಲಾಖೆಯ ದಾಖಲೆಯಲ್ಲಿದೆ. ಹಿಂದಕ್ಕೆ ಕಳೆಯುತ್ತ ಹೋದರೆ ಖಾತೆ ತೆರೆದ ದಿನ ಸಿಗುತ್ತದೆ. ಒಂದು ಎಚ್ಚರಿಕೆ ಬೇಕು. ಇಲಾಖೆಯ ಥರ್ಮಾಮೀಟರು ನೆರಳಿನಲ್ಲಿರುತ್ತದೆ, ಪೀಣ್ಯದ ಶೀಟಿನ ಕೋಣೆ ಮಧ್ಯಾಹ್ನ ರೊಟ್ಟಿ ಬೇಯಿಸುವಷ್ಟು ಕಾಯುತ್ತದೆ. ಸಾಲದ್ದಕ್ಕೆ ಸಾವಿರಾರು ಹುಳು ಒಂದೆಡೆ ಮುತ್ತಿದರೆ ಅವುಗಳದೇ ಬಿಸಿ ಬೇರೆ. ಆದ್ದರಿಂದ ಬಲ್ಲವರು ಹೆಣ ತೆಗೆದ ಮೇಲೂ ಆ ಜಾಗದಲ್ಲಿ ಕೆಲವು ದಿನ ಉಷ್ಣಾಂಶ ಅಳೆದು ಇಲಾಖೆಯ ಲೆಕ್ಕಕ್ಕೆ ತಾಳೆ ನೋಡುತ್ತಾರೆ.

ವಾರಗಳು ಕಳೆದು ಹೆಣ ಒಣಗಿದ ಮೇಲೆ ನೊಣಗಳಿಗೆ ಅಲ್ಲಿ ಕೆಲಸವಿಲ್ಲ. ಆಗ ದುಂಬಿಗಳ ಸರದಿ. ನೀಲಿ ಮಿಶ್ರಿತ ಹಸಿರಿನ, ಕೆಂಪು ಕಾಲಿನ ಒಂದು ಪುಟ್ಟ ದುಂಬಿ ಇದೆ. ಕಿರಾಣಿ ಅಂಗಡಿಯವರು ಹಳೇ ಕೊಬ್ಬರಿ ಚೀಲದಲ್ಲಿ, ಒಣಮೀನಿನ ಬುಟ್ಟಿಯಲ್ಲಿ ಅದನ್ನು ಕಂಡು ಬೈದಿರುತ್ತಾರೆ. ಅದೇ ದುಂಬಿ ಹೆಣದ ಮೇಲೂ ಬರುತ್ತದೆ. ಚರ್ಮದ ಗೋದಾಮು, ರೇಷ್ಮೆಗೂಡಿನ ಉಗ್ರಾಣ ಕೊರೆಯುವ ಕಪ್ಪು ದುಂಬಿಯ ಕುಲದವೂ ಬರುತ್ತವೆ. ಯಾವುದು ಬಂದಿದೆ, ಯಾವುದು ಬಂದು ಹೋಗಿದೆ ಎಂಬುದೇ ಪಂಚಾಂಗ. ಈ ಸರದಿಯನ್ನು ಎಂಟು ಅಲೆಗಳಾಗಿ ವಿಂಗಡಿಸಿ 1894ರಲ್ಲಿ ಪುಸ್ತಕ ಬರೆದವನು ಫ್ರಾನ್ಸಿನ ಮೆನ್ಯಾಂ. ಅವನಿಗಿಂತ ಆರು ನೂರು ವರ್ಷ ಮೊದಲೇ, 1247ರಲ್ಲಿ, ಚೀನದ ಅಧಿಕಾರಿ ಸೊಂಗ್ ಸಿ ಬರೆದ ಪುಸ್ತಕದಲ್ಲಿ ಒಂದು ಕೊಲೆ ಕೇಸಿದೆ. ಕುಡುಗೋಲಿನಿಂದ ಕೊಚ್ಚಿದ ಹೆಣ. ಊರಿನವರೆಲ್ಲ ತಮ್ಮ ತಮ್ಮ ಕುಡುಗೋಲು ತಂದು ಬಿಸಿಲಲ್ಲಿಡಿ ಎಂದು ಅಪ್ಪಣೆಯಾಯಿತು. ತೊಳೆದಿದ್ದರೂ ಒಂದೇ ಒಂದು ಕುಡುಗೋಲಿಗೆ ನೊಣ ಮುತ್ತಿದವು. ಅದರ ಯಜಮಾನ ತಪ್ಪೊಪ್ಪಿಕೊಂಡ.

ಮುಂಬಯಿ ಡಾಕ್ಟರ ಕೇಸು

ಕೋರ್ಟಿನಲ್ಲಿ ಹುಳುವಿನ ಸಾಕ್ಷಿ ಹೆಸರುವಾಸಿಯಾದದ್ದು ಒಬ್ಬ ಭಾರತೀಯನ ಕೇಸಿನಲ್ಲಿ. ಬಕ್ತಿಯಾರ್ ರುಸ್ತುಂಜಿ ಹಕೀಂ ಎಂಬ ಮುಂಬಯಿಯ ಪಾರ್ಸಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ಬಕ್ ರಕ್ಸ್‌ಟನ್ ಎಂಬ ಹೆಸರಿಟ್ಟುಕೊಂಡು ಡಾಕ್ಟರಿಕೆ ಮಾಡುತ್ತಿದ್ದ. 1935ರ ಸೆಪ್ಟೆಂಬರ್ ಮಧ್ಯದಲ್ಲಿ ಅವನ ಹೆಂಡತಿ, ಮನೆಗೆಲಸದ ಹುಡುಗಿ ಇಬ್ಬರೂ ಕಾಣೆಯಾದರು. ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಮಾಫಟ್ ಬಳಿ ಹಳ್ಳವೊಂದರಲ್ಲಿ ತುಂಡು ತುಂಡು ಮಾಡಿ ಗಂಟು ಕಟ್ಟಿ ಎಸೆದಿದ್ದ ಎರಡು ಹೆಣಗಳು ಸಿಕ್ಕಿದವು. ಕೈಬಳಕದ ಡಾಕ್ಟರ್ ಕೆಲಸ! ಗುರುತು ಸಿಗದಂತೆ ಮುಖ, ಬೆರಳು ಎಲ್ಲ ಕೆಡಿಸಿದ್ದ. ಆದರೆ ಗಂಟು ಕಟ್ಟಿದ ಒಂದು ಪತ್ರಿಕೆಯ ಹಾಳೆ ಸೆಪ್ಟೆಂಬರ್ 15ರದು, ಅದೂ ಲ್ಯಾಂಕಾಸ್ಟರ್ ಸುತ್ತಮುತ್ತ ಮಾತ್ರ ಮಾರಿದ ಸ್ಥಳೀಯ ಆವೃತ್ತಿ. ಸ್ಥಳೀಯ ಪತ್ರಿಕೆ ಓದಿ ಬಿಸಾಡುವವರು ನೆನಪಿಡಿ! ಇನ್ನು ಹುಳುಗಳನ್ನು ಗ್ಲಾಸ್ಗೋದ ಡಾಕ್ಟರ್ ಮಿಯರ್ನ್ಸ್ ಅವರಿಗೆ ಕಳಿಸಿದರು. ಇದು ನೀಲಿ ನೊಣದ ಹುಳು, ವಯಸ್ಸು 12ರಿಂದ 14 ದಿನ ಎಂದರು ಅವರು. ಹೆಂಗಸರು ಕಾಣೆಯಾದ ದಿನಕ್ಕೂ ಪತ್ರಿಕೆಯ ತಾರೀಖಿಗೂ ಅದು ತಾಳೆಯಾಯಿತು. 1936ರ ಮೇ 12ರಂದು ರಕ್ಸ್‌ಟನ್‌ಗೆ ಗಲ್ಲಾಯಿತು.

ನೇಣಿಗೆ ಹಾಕಿದ್ದಷ್ಟೇ ಅಲ್ಲ, ಬಿಡಿಸಿದ್ದೂ ಇದೆ. ಅಮೇರಿಕಾದ ಲಾಸ್ ವೇಗಸ್‌ನಲ್ಲಿ 2001ರ ಜುಲೈನಲ್ಲಿ ಒಬ್ಬನ ಕೊಲೆಯಾಯಿತು. ಹೆಣ ಸಿಕ್ಕಿದ್ದು ರಾತ್ರಿ, ಬಯಲಲ್ಲಿ. ನೂರೆಪ್ಪತ್ತು ಮೈಲಿ ದೂರದ ಊರಿನ 18 ವರ್ಷದ ಹುಡುಗಿಯನ್ನು ಹಿಡಿದರು. ಅವಳಿಗೆ ಶಿಕ್ಷೆಯೂ ಆಯಿತು. ಆಮೇಲೆ ಕೀಟತಜ್ಞರು ಕೇಳಿದ ಪ್ರಶ್ನೆ ಒಂದೇ: ಇಷ್ಟು ಗಾಯವಾದ ಹೆಣದ ಮೇಲೆ ಒಂದಾದರೂ ನೊಣದ ಮೊಟ್ಟೆ ಏಕಿಲ್ಲ? ಈ ನೊಣಗಳು ಕತ್ತಲಲ್ಲಿ ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ಹಗಲೇ ಸತ್ತಿದ್ದರೆ ಆ ಬಿಸಿಲಿನಲ್ಲಿ ಮೊಟ್ಟೆ ತುಂಬಿರಬೇಕಿತ್ತು. ಅಂದರೆ ಕೊಲೆಯಾದದ್ದು ಹೊತ್ತು ಮುಳುಗುವ ವೇಳೆಗೆ ಅಥವಾ ಆಮೇಲೆ. ಆ ಹೊತ್ತಿನಲ್ಲಿ ಹುಡುಗಿ ತನ್ನ ಊರಿನಲ್ಲೇ ಇದ್ದಳು. 2017ರ ಕೊನೆಯಲ್ಲಿ ಶಿಕ್ಷೆ ರದ್ದಾಯಿತು. ಅವಳು ಜೈಲಿನಿಂದ ಹೊರಗೆ ಬಂದದ್ದು 2018ರ ಜನವರಿಯಲ್ಲಿ. ಇಲ್ಲದ ನೊಣವೂ ಸಾಕ್ಷಿ ಹೇಳಿತು ಎನ್ನಬೇಕು.

ಹಾಗೆಂದು ಹುಳು ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಜೋರು ಮಳೆ ಹಿಡಿದರೆ ನೊಣ ಬರುವುದು ತಡ. ಕಿಟಕಿಗೆ ಸೊಳ್ಳೆ ಜಾಲರಿ ಬಡಿದು ಬಾಗಿಲು ಮುಚ್ಚಿದ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ತಡ. ಕೀಟನಾಶಕ ಕುಡಿದು ಸತ್ತವರ ಹೆಣಕ್ಕೆ ನೊಣಗಳು ಬೇಗ ಹತ್ತಿರ ಸುಳಿಯದೆ ಲೆಕ್ಕ ತಪ್ಪಿಸಿದ್ದುಂಟು. ಆದರೆ ಮೈಯೆಲ್ಲ ಕರಗಿ ಪರೀಕ್ಷೆಗೆ ರಕ್ತ ಉಳಿಯದಿದ್ದಾಗ, ಹೆಣ ತಿಂದ ಹುಳುವನ್ನೇ ಅರೆದು ಪರೀಕ್ಷೆ ಮಾಡಿ ವಿಷ ಕಂಡುಹಿಡಿದದ್ದೂ ಉಂಟು. ಹುಣ್ಣಾಗಿ ಆರೈಕೆ ಇಲ್ಲದೆ ಮಲಗಿದ್ದವನಿಗೆ ಬದುಕಿದ್ದಾಗಲೇ ಹುಳು ಬಿದ್ದಿದ್ದರೆ ಲೆಕ್ಕ ಇನ್ನೊಂದು ಕಡೆಗೆ ತಪ್ಪುತ್ತದೆ. ನೊಣ ಹೇಳುವುದು ತಾನು ಮೊಟ್ಟೆ ಇಟ್ಟ ದಿನವನ್ನು. ಅದು ಸತ್ತ ದಿನವೇ ಹೌದೋ ಅಲ್ಲವೋ ಎಂಬುದನ್ನು ಮನುಷ್ಯನೇ ಯೋಚಿಸಬೇಕು.

ಈಚಿನ ದಿನಗಳ ಬೆಂಗಳೂರನ್ನೇ ನೋಡಿ. 2023ರ ಜನವರಿಯಲ್ಲಿ ಯಶವಂತಪುರ ರೈಲ್ವೆ ನಿಲ್ದಾಣದಲ್ಲಿ ಡ್ರಮ್ಮಿನೊಳಗೆ ಕೊಳೆತ ಹೆಣ. ಎರಡೇ ತಿಂಗಳಿಗೆ, ಮಾರ್ಚಿನಲ್ಲಿ, ಬೈಯಪ್ಪನಹಳ್ಳಿಯ ಹೊಸ ನಿಲ್ದಾಣದಲ್ಲಿ ಇನ್ನೊಂದು ಡ್ರಮ್ಮು. 2024ರ ಸೆಪ್ಟೆಂಬರಿನಲ್ಲಿ ವೈಯಾಲಿಕಾವಲಿನ ಬಾಡಿಗೆ ಮನೆಯಲ್ಲಿ ಫ್ರಿಜ್ಜಿನೊಳಗೆ ಹೆಂಗಸಿನ ಹೆಣದ ತುಂಡುಗಳು, ಸುತ್ತ ಹುಳು. 2025ರ ಮೇನಲ್ಲಿ ಎಲೆಕ್ಟ್ರಾನಿಕ್ ಸಿಟಿ ಆಚೆಯ ಹಳೇ ಚಂದಾಪುರದಲ್ಲಿ ರೈಲ್ವೆ ಸೇತುವೆ ಪಕ್ಕ ಸೂಟ್‌ಕೇಸಿನಲ್ಲಿ ಹುಡುಗಿಯ ಹೆಣ. ಡ್ರಮ್ಮಿನ ಮುಚ್ಚಳ ಬಿಗಿಯಾಗಿದ್ದರೆ ನೊಣ ಹೊರಗೆ ಕಾಯುತ್ತದೆ. ಫ್ರಿಜ್ಜಿನ ಥಂಡಿಯಲ್ಲಿ ಹುಳುವಿನ ಬೆಳವಣಿಗೆ ನಿಂತೇ ಹೋಗಬಹುದು. ಸೂಟ್‌ಕೇಸಿಗೆ ಮಾತ್ರ ಅದು ಸೋಲುವುದಿಲ್ಲ. ಜಿಪ್ಪಿನ ಮೇಲೇ ಮೊಟ್ಟೆ ಇಡುತ್ತದೆ, ಒಡೆದು ಬಂದ ದಾರದಂಥ ಹುಳು ಹಲ್ಲಿನ ಸಂದಿಯಿಂದ ಒಳಗೆ ತೂರಿಕೊಳ್ಳುತ್ತದೆ. ವಿದೇಶದಲ್ಲಿ ಇದನ್ನೆಲ್ಲ ಪ್ರಯೋಗ ಮಾಡಿ ನೋಡಿದ್ದಾರೆ. ಅಮೇರಿಕಾದ ಟೆನೆಸ್ಸಿಯಲ್ಲಿ ವಿಲಿಯಂ ಬಾಸ್ ಎಂಬ ಪ್ರೊಫೆಸರು 1981ರ ಸುಮಾರಿಗೆ ದಾನವಾಗಿ ಬಂದ ಹೆಣಗಳನ್ನು ಬಯಲಲ್ಲಿಟ್ಟು ಏನೇನಾಗುತ್ತದೆ ಎಂದು ಬರೆದಿಡಲು ಶುರು ಮಾಡಿದರು. ನಮ್ಮ ದೇಶದಲ್ಲಿ ಮೊಲ, ಹಂದಿ, ಆಡುಗಳ ಮೇಲೆ ಕೆಲಸ ನಡೆದಿದೆ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದ ಮೀನಾಕ್ಷಿ ಭಾರ್ತಿ, ದೇವಿಂದರ್ ಸಿಂಗ್ ಇಬ್ಬರೂ ಸತ್ತ ಮೊಲಕ್ಕೆ ಯಾವ ಕಾಲದಲ್ಲಿ ಯಾವ ಹುಳು ಬರುತ್ತದೆ ಎಂದು ನೋಡಿ 2003ರಲ್ಲಿ ಪ್ರಕಟಿಸಿದರು. ಒಳ್ಳೆಯ ಕೆಲಸವೇ. ಆದರೆ ಪಂಜಾಬಿನ ಜನವರಿಯೇ ಬೇರೆ, ಬೆಂಗಳೂರಿನ ಜನವರಿಯೇ ಬೇರೆ. ಅಲ್ಲಿಯ ಪಟ್ಟಿ ತಂದು ಪೀಣ್ಯದ ಹುಳುವಿಗೆ ವಯಸ್ಸು ಹೇಳುವುದು ಆನೇಕಲ್ ಹುಳುಮನೆಯಲ್ಲಿ ಕಾಶ್ಮೀರದ ಲೆಕ್ಕ ಹಾಕಿದ ಹಾಗೆ.

ಪೈಪಿನ ನೀರು

ಬೆಂಗಳೂರಿಗೆ ವಿದ್ಯೆಯ ಬಡತನ ಇಲ್ಲ. ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ಜಿ.ಕೆ.ವಿ.ಕೆ.ಯಲ್ಲಿ ಕೀಟಶಾಸ್ತ್ರ ವಿಭಾಗವಿದೆ. ರೆಕ್ಕೆಯ ಗೆರೆ ನೋಡಿ ಹುಳುವಿನ ಜಾತಿ ಹೇಳಬಲ್ಲವರು ಅಲ್ಲಿದ್ದಾರೆ, ಆದರೆ ಅವರ ಕೆಲಸ ಬೆಳೆಯ ಹುಳು. ಮಡಿವಾಳದಲ್ಲಿ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಹೆಣಗಳು ಹೋಗುವುದು ವಿಕ್ಟೋರಿಯಾ, ಬೌರಿಂಗ್, ರಾಮಯ್ಯ ಎಂದು ಆಯಾ ಠಾಣೆಯ ಹತ್ತಿರದ ಶವಾಗಾರಕ್ಕೆ. ಎಲ್ಲ ಒಂದೊಂದು ಬಸ್ಸಿನ ದೂರ. ಇವುಗಳ ನಡುವೆ ಓಡಾಡಬೇಕಾದದ್ದು ಒಂದು ಪುಟ್ಟ ಸೀಸೆ. ಅದೇ ಓಡಾಡುವುದಿಲ್ಲ.

ಕಾನೂನಿನಲ್ಲೂ ಒಂದು ಸಂದಿಯಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ ಪ್ರಕಾರ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಪೂರ್ತಿ ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶವನ್ನೂ ಕೊಟ್ಟಿದ್ದಾರೆ. ಬಹಳ ಚೆನ್ನ. ಆದರೆ ಬೀಗ ಒಡೆದ ಕೋಣೆಯ ಕೊಳೆತ ಹೆಣ ಮೊದಲ ದಿನ ಅಪರಾಧವಾಗಿ ದಾಖಲಾಗುವುದೇ ಇಲ್ಲ. ಅದು 194ನೇ ಕಲಮಿನ ಅಸ್ವಾಭಾವಿಕ ಸಾವು, ಠಾಣೆಯ ಮಾತಿನಲ್ಲಿ ಯು.ಡಿ.ಆರ್. ಅದಕ್ಕೆ ತಜ್ಞರು ಬರಲೇಬೇಕು ಎಂದು ಯಾರೂ ಹೇಳಿಲ್ಲ. ಎರಡು ವಾರದ ಮೇಲೆ ಅಣ್ಣನೋ ತಂಗಿಯೋ ಊರಿಂದ ಬಂದು "ಇದು ಕೊಲೆ ಸಾರ್" ಎಂದು ಅತ್ತಾಗ ಫೈಲು ಕೊಲೆ ಕೇಸಾಗುತ್ತದೆ. ಅಷ್ಟು ಹೊತ್ತಿಗೆ ಹುಳು ಎಲ್ಲಿ?

ಹುಳು ಮೋರಿಯಲ್ಲಿ. ಹೆಣ ಮೇಜಿನ ಮೇಲೆ ಬಂದ ಕೂಡಲೇ ಮೊದಲು ನೀರು ಬಿಡುವುದು ಶವಾಗಾರಗಳಲ್ಲಿ ಹಳೆಯ ರೂಢಿ. ಹುಳು ಮುತ್ತಿದ ಹೆಣವನ್ನು ಕೈಯಲ್ಲಿ ಮುಟ್ಟಿ ಕೆಲಸ ಮಾಡುವ ನೌಕರನನ್ನು ಅದಕ್ಕಾಗಿ ಬೈಯುವವರು ಒಂದು ಗಂಟೆ ಅಲ್ಲಿ ನಿಂತು ಬರಲಿ. ಅವನಿಗೆ ಅದು ಕಸ, ಸಾಕ್ಷಿಯಲ್ಲ. ಹಾಗೆಂದು ಯಾರೂ ಅವನಿಗೆ ಹೇಳಿಕೊಟ್ಟಿಲ್ಲ.

ಮಾಡಬೇಕಾದ್ದು ಹೆಚ್ಚೇನಿಲ್ಲ. ಮುಖದ ಮೇಲಿನ, ಗಾಯದ ಮೇಲಿನ ಹುಳುಗಳಲ್ಲಿ ದೊಡ್ಡವು, ಚಿಕ್ಕವು ಎರಡೂ ಸೇರಿಸಿ ಒಂದಷ್ಟನ್ನು ಚಮಚದಲ್ಲಿ ತೆಗೆಯಬೇಕು. ಅರ್ಧವನ್ನು ಕುದಿನೀರಿಗೆ ಹಾಕಿ ಆಮೇಲೆ ಸ್ಪಿರಿಟ್ಟಿನ ಸೀಸೆಗೆ ತುಂಬಬೇಕು, ಬರೀ ಸ್ಪಿರಿಟ್ಟಿಗೆ ಹಾಕಿದರೆ ಮುದುರಿ ಕಪ್ಪಾಗಿ ಅಳತೆ ಸಿಗದು. ಇನ್ನರ್ಧವನ್ನು ಜೀವಂತವಾಗಿ ಒಂದು ತುಂಡು ಈರಲಿಯ ಜೊತೆ ಗಾಳಿಯಾಡುವ ಡಬ್ಬಿಯಲ್ಲಿಟ್ಟು ನೊಣವಾಗುವವರೆಗೆ ಸಾಕಬೇಕು, ಜಾತಿ ಖಚಿತವಾಗುವುದು ಆಗಲೇ. ಸುತ್ತಲ ಮಣ್ಣು ಕೆದಕಿ ಕೋಶ ಹುಡುಕಬೇಕು. ಚೀಟಿಯಲ್ಲಿ ಜಾಗ, ತಾರೀಖು, ಗಂಟೆ, ಕೋಣೆಯ ಉಷ್ಣಾಂಶ. ಖರ್ಚು ಒಂದು ಪ್ಲೇಟ್ ಇಡ್ಲಿಯಷ್ಟು. ಕುದಿನೀರಿಗೆ ಠಾಣೆ ಎದುರಿನ ಟೀ ಅಂಗಡಿ ಸಾಕು.

ಈಗ ನಡೆಯುವುದು ಬೇರೆ. ಆಂಬುಲೆನ್ಸು ಹೋದ ಮರುದಿನ ಮಾಲೀಕ ಕೂಲಿಯವನನ್ನು ಕರೆಸುತ್ತಾನೆ. ಚಾಪೆ, ಹಾಸಿಗೆ ಹೊರಗೆ ಸುಡುತ್ತಾರೆ. ಟ್ರಂಕು ಜರುಗಿಸಿದರೆ ಗೋಡೆ ಮೂಲೆಯಲ್ಲಿ ಕಂದು ಬಣ್ಣದ ಉದ್ದುದ್ದ ಕಾಳಿನಂಥವು ಒಂದು ಬೊಗಸೆಯಷ್ಟು. ಇಲಿ ಹಿಕ್ಕೆ ಎಂದುಕೊಂಡು ಗುಡಿಸಿ ಮೊರದಲ್ಲಿ ತುಂಬಿ ಎಸೆಯುತ್ತಾರೆ. ಫಿನಾಯಿಲು, ಎರಡು ಕೋಟು ಸುಣ್ಣ. ವಾರ ಕಳೆಯುವುದರೊಳಗೆ ಗೇಟಿಗೆ "ರೂಮು ಬಾಡಿಗೆಗಿದೆ" ಎಂಬ ರಟ್ಟು ತೂಗುತ್ತಿರುತ್ತದೆ.